ಕ್ಯಾಪ್ಟನ್ ಹೆಸರಿನ ಮರ

ಆಫೀಸಿನಲ್ಲಿ ನಾನು ಕೂರುವ ಮಹಡಿಯಲ್ಲಿ ಸುಮಾರು ಮುನ್ನೂರು ಸೀಟುಗಳಿವೆ. ಮಧ್ಯಾಹ್ನ ಊಟಕ್ಕೆ ಕ್ಯೂ ನಿಂತಾಗ ಈಚೆಗೆ ನನಗೆ ಒಂದೇ ಲೆಕ್ಕ ತಲೆಗೆ ಬರುತ್ತೆ. ಈ ಒಂದು ಮಹಡಿಯ ಜನರಷ್ಟೂ ಇಲ್ಲ ಆ ಮರಗಳು. 233. ತಸ್ಸಿಲಿ ಸೈಪ್ರೆಸ್ ಅನ್ನೋ ಮರವನ್ನು ಅದರ ಸ್ವಂತ ನೆಲದಲ್ಲಿ ಒಂದೊಂದಾಗಿ ಎಣಿಸಿ 2001ರ ಹೊತ್ತಿಗೆ ಮುಗಿಸಿದಾಗ ಬದುಕಿದ್ದವು ಅಂತ ಸಿಕ್ಕಿದ ಸಂಖ್ಯೆ ಅದು. ಆ ನೆಲ ಇರೋದು ಸಹಾರಾ ಮರುಭೂಮಿಯ ನಡುವೆ.

ಇದು ಶುರುವಾಗಿದ್ದು ಒಂದು ಸ್ಕ್ರೀನ್ ಶೇರ್‌ನಿಂದ. ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಟೀಮು ಫ್ರಾನ್ಸಿನಲ್ಲಿದೆ. ಅಲ್ಲಿ ಒಬ್ಬ ಇಂಜಿನಿಯರ್ ಅಲ್ಜೀರಿಯಾದವನು. ಒಂದು ರಿಲೀಸ್ ರಾತ್ರಿ ಇಬ್ಬರೂ ಡೇಟಾಬೇಸ್ ಮೈಗ್ರೇಶನ್ ಮುಗಿಯೋದನ್ನ ಕಾಯ್ತಾ ಕೂತಿದ್ವಿ. ಅವನ ಡೆಸ್ಕ್‌ಟಾಪಿನಲ್ಲಿ ಒಂದು ಮರದ ಚಿತ್ರ ಇತ್ತು. ಸುತ್ತ ಕಣ್ಣು ಹಾಯಿಸಿದಷ್ಟೂ ಕಲ್ಲು. ನಡುವೆ ಹಗ್ಗ ಹೊಸೆದ ಹಾಗೆ ತಿರುಚಿಕೊಂಡ ದಪ್ಪ ಕಾಂಡ, ಅರ್ಧ ಒಣಗಿದ ಕೊಂಬೆ, ತುದಿಯಲ್ಲಿ ಮಾತ್ರ ಕಡು ಹಸಿರು. "ಏನಪ್ಪಾ ಇದು, ಫೋಟೋಶಾಪಾ?" ಅಂತ ಕೇಳಿದೆ. "ತಾರೂತ್" ಅಂದ. ಮೈಗ್ರೇಶನ್ ಮುಗಿದಿದ್ದು ಬೆಳಗಿನ ಜಾವ ಮೂರಕ್ಕೆ. ಅಷ್ಟರಲ್ಲಿ ನನ್ನ ಬ್ರೌಸರಿನಲ್ಲಿ ಹದಿನೈದು ಟ್ಯಾಬ್ ತೆರೆದಿತ್ತು, ಒಂದೂ ಕೆಲಸಕ್ಕೆ ಸಂಬಂಧಪಟ್ಟಿದ್ದಲ್ಲ.

ಜಾಗ ಮೊದಲು ಹೇಳಿಬಿಡ್ತೀನಿ. ಅಲ್ಜೀರಿಯಾದ ಆಗ್ನೇಯ ಮೂಲೆಯಲ್ಲಿ, ಲಿಬಿಯಾ ಮತ್ತು ನೈಜರ್ ಗಡಿಗಳ ಹತ್ತಿರ, ಮರಳುಗಲ್ಲಿನ ಒಂದು ಎತ್ತರದ ಪ್ರಸ್ಥಭೂಮಿ ಇದೆ. ಹೆಸರು ತಸ್ಸಿಲಿ ನಜ್ಜೇರ್. ನದಿಗಳ ಪ್ರಸ್ಥಭೂಮಿ ಅಂತ ಅದರ ಅರ್ಥ ಹೇಳ್ತಾರೆ. ಈಗ ಅಲ್ಲಿ ನದಿ ಅಂತ ಇರೋದು ಒಣ ಪಾತ್ರಗಳು ಮಾತ್ರ. ಯಾವಾಗಲೋ ಒಮ್ಮೆ ಮಳೆ ಸುರಿದರೆ ಒಂದೆರಡು ದಿನ ನೀರು ಓಡುತ್ತೆ, ಆಮೇಲೆ ಬಂಡೆಯ ಗುಂಡಿಗಳಲ್ಲಿ ನಿಂತ ನೀರೇ ಗತಿ. ವರ್ಷದ ಸರಾಸರಿ ಮಳೆ ಸುಮಾರು 30 ಮಿಲಿಮೀಟರ್. ನಮ್ಮೂರು ಚಳ್ಳಕೆರೆ ಕಡೆ. ರಾಜ್ಯದಲ್ಲೇ ಕಡಿಮೆ ಮಳೆ ಬೀಳೋ ಸೀಮೆ ಅಂತ ಶಾಲೆಯಲ್ಲಿ ನಮಗೆ ಒಂಥರಾ ಹೆಮ್ಮೆಯಿಂದಲೇ ಹೇಳಿಕೊಡ್ತಿದ್ರು. ಆ ನಮ್ಮೂರಿನಲ್ಲಿ ಒಂದು ಒಳ್ಳೆ ಸಂಜೆ ಬಿದ್ದ ಮಳೆ, ಅಲ್ಲಿಗೆ ಒಂದು ವರ್ಷದ ಲೆಕ್ಕ.

ಹತ್ತಿರದ ಊರು ಜಾನೆತ್, ಖರ್ಜೂರದ ತೋಪುಗಳಿರುವ ಓಯಸಿಸ್. ಅಲ್ಲಿಂದ ಪ್ರಸ್ಥಭೂಮಿಗೆ ಗಾಡಿ ಹತ್ತಲ್ಲ. ಕಡಿದಾದ ಕಣಿವೆ ದಾರಿಯಲ್ಲಿ ಕತ್ತೆಗಳ ಮೇಲೆ ಸಾಮಾನು ಹೇರಿ ನಡೆದೇ ಹೋಗಬೇಕು. ಮೇಲೆ ಹೋದರೆ ತಮ್ರಿತ್ ಅನ್ನೋ ಜಾಗ. ಅದಕ್ಕೆ ಸೈಪ್ರೆಸ್ ಕಣಿವೆ ಅಂತಲೇ ಹೆಸರು. ಮರಗಳಲ್ಲಿ ಕೆಲವದರ ಬುಡ ನಾಲ್ಕೈದು ಜನ ಕೈ ಕೈ ಹಿಡಿದು ನಿಂತರೂ ಸುತ್ತು ಹಾಕೋಕೆ ಆಗಲ್ಲ. ಎರಡು ಸಾವಿರ ವರ್ಷಕ್ಕಿಂತ ಹಳೆಯವು ಇವೆ ಅಂತ ಅಂದಾಜು. ಹಾಗಂದ್ರೆ ಬಾದಾಮಿಯ ಗುಹೆ ಕೊರೆಯೋಕೆ ಮೊದಲೇ ಇವು ದೊಡ್ಡ ಮರಗಳಾಗಿದ್ದವು.

ಮರುಭೂಮಿಯಲ್ಲಿ ಸೈಪ್ರೆಸ್ ಹೇಗೆ ಬಂತು ಅಂತ ಕೇಳಿದರೆ ಅದು ತಪ್ಪು ಪ್ರಶ್ನೆ. ಮರ ಅಲ್ಲೇ ಇತ್ತು, ಮರುಭೂಮಿ ಆಮೇಲೆ ಬಂತು. ಸುಮಾರು ಹನ್ನೊಂದು ಸಾವಿರ ವರ್ಷದ ಹಿಂದಿನಿಂದ ಐದು ಸಾವಿರ ವರ್ಷದ ಹಿಂದಿನವರೆಗೆ ಸಹಾರಾ ಹಸಿರಾಗಿತ್ತು. ಭೂಮಿಯ ಓಲಾಟದಿಂದ ಆಗ ಉತ್ತರಾರ್ಧಗೋಳದ ಬೇಸಿಗೆಗೆ ಬಿಸಿಲು ಹೆಚ್ಚು ಸಿಗ್ತಿತ್ತು, ಆಫ್ರಿಕಾದ ಮುಂಗಾರು ಇನ್ನೂ ಉತ್ತರಕ್ಕೆ ನುಗ್ಗುತ್ತಿತ್ತು. ಆ ಕಾಲದಲ್ಲಿ ನಮ್ಮ ಮುಂಗಾರೂ ಜೋರಾಗಿತ್ತು ಅಂತಾರೆ. ತಸ್ಸಿಲಿಯ ಬಂಡೆಗಳ ಮೇಲೆ ಆಗಿನ ಜನ ಬಿಡಿಸಿದ ಚಿತ್ರಗಳಿವೆ, 15,000ಕ್ಕೂ ಹೆಚ್ಚು. ಜಿರಾಫೆ, ಆನೆ, ನೀರಾನೆ, ಆಮೇಲೆ ದನದ ಹಿಂಡುಗಳು. ಆ ದನಗಳ ಚಿತ್ರ ನೋಡ್ತಾ ಇದ್ರೆ ಹಳ್ಳಿಯಲ್ಲಿ ಬೆಳೆದವನಿಗೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಬಿಡಿಸಿದವನಿಗೆ ಒಂದೊಂದು ಹಸುವಿನ ಮೈಬಣ್ಣ, ಮಚ್ಚೆ, ಕೊಂಬಿನ ತಿರುವು ಬೇರೆಬೇರೆಯಾಗಿ ಗೊತ್ತಿತ್ತು. ಅವನು ಹಿಂಡನ್ನು ಬಿಡಿಸಿಲ್ಲ, ತನ್ನ ಮನೆ ದನಗಳನ್ನ ಬಿಡಿಸಿದ್ದಾನೆ.

ಮುಂಗಾರು ಹಿಂದೆ ಸರಿಯಿತು. ದನದವರು ಹೋದರು. ಮರಕ್ಕೆ ಕಾಲಿಲ್ಲ. ಎತ್ತರದ ಜಾಗದಲ್ಲಿ ಸ್ವಲ್ಪ ತಂಪು, ಕಣಿವೆಯ ಮರಳಿನ ಕೆಳಗೆ ಸ್ವಲ್ಪ ತೇವ. ಅದನ್ನೇ ಹಿಡಿದುಕೊಂಡು ತಾರೂತ್ ಉಳಿಯಿತು. ಅದರ ಜೊತೆಗೆ ಒಂದು ಜಾತಿ ಆಲಿವ್, ಒಂದು ಜಾತಿ ಮರ್ಟಲ್ ಕೂಡ ಉಳಿದವು. ಮೊಸಳೆಗಳೂ ಉಳಿದಿದ್ದವು! ಸಹಾರಾ ನಡುವಿನ ನೀರುಗುಂಡಿಗಳಲ್ಲಿ ಸಾವಿರಾರು ವರ್ಷ ಬದುಕಿದ್ದ ಮೊಸಳೆಗಳು. ತಸ್ಸಿಲಿಯ ಕೊನೆಯ ಮೊಸಳೆಯನ್ನ ಗುಂಡಿಟ್ಟು ಕೊಂದಿದ್ದು 1924ರಲ್ಲಿ.

ಈ 1924ನ್ನು ನೆನಪಿಟ್ಟುಕೊಳ್ಳಿ. ಅದೇ ವರ್ಷ ಈ ಮರದ 'ಶೋಧ' ಆಯಿತು.

ಫ್ರೆಂಚರು ಜಾನೆತನ್ನು ಹಿಡಿದಿದ್ದು 1911ರಲ್ಲಿ. ಅಲ್ಲಿಯವರೆಗೆ, ಮತ್ತು ಆಮೇಲೂ ಕೆಲವು ವರ್ಷ, ಆ ನೆಲದ ತುವಾರೆಗ್ ಜನ ಅವರ ಜೊತೆ ಕಾದಾಡಿದರು. ಗಲಾಟೆ ತಣ್ಣಗಾದ ಮೇಲೆ ಅಲ್ಲಿದ್ದ ಒಬ್ಬ ಸೇನಾಧಿಕಾರಿ, ಕ್ಯಾಪ್ಟನ್ ಡ್ಯುಪ್ರೆ, ತಮ್ರಿತ್‌ನ ಮರಗಳನ್ನು ನೋಡಿ ಸುದ್ದಿ ಕಳಿಸಿದ. ಲೂಯಿ ಲಾವೋದಾನ್ ಅನ್ನೋ ಅರಣ್ಯಾಧಿಕಾರಿ ಅದರ ಬಗ್ಗೆ ಬರೆದ. 1926ರಲ್ಲಿ ಪ್ಯಾರಿಸ್ಸಿನ ಸಸ್ಯವಿಜ್ಞಾನಿ ಎಮೆ ಕಾಮು (ಕಾದಂಬರಿ ಬರೆದ ಕಾಮು ಅಲ್ಲ, ಇವರು ಓಕ್ ಮರಗಳ ಮೇಲೆ ಜೀವಮಾನ ಕಳೆದ ಮಹಿಳೆ) ಇದು ಬೇರೆಯೇ ಜಾತಿ ಅಂತ ತೀರ್ಮಾನಿಸಿ ಹೆಸರಿಟ್ಟರು: ಕುಪ್ರೆಸಸ್ ಡ್ಯುಪ್ರೆಜಿಯಾನಾ. ಕ್ಯಾಪ್ಟನ್ ಡ್ಯುಪ್ರೆಯ ಸೈಪ್ರೆಸ್.

ತುವಾರೆಗರು ಅದಕ್ಕೆ ತಾರೂತ್ ಅಂತಿದ್ರು. ಯಾವಾಗಿನಿಂದ ಅಂತ ಯಾರಿಗೆ ಗೊತ್ತು, ಅವರ ಅಜ್ಜನ ಅಜ್ಜನ ಕಾಲದಿಂದ. ಜಾನೆತ್‌ನಲ್ಲಿ, ಗಡಿಯಾಚೆ ಇರುವ ಘಾತ್ ಊರಿನಲ್ಲಿ, ಹಳೆಯ ಮನೆಗಳ ಬಾಗಿಲು, ತೊಲೆ ಈ ಮರದ್ದು. ಮರುಭೂಮಿಯ ಊರಿನಲ್ಲಿ ಬೇರೆ ಮರ ಅಂದ್ರೆ ಖರ್ಜೂರದ ನಾರು ನಾರಾದ ಕಾಂಡ. ಹುಳ ಹಿಡಿಯದ, ಸುವಾಸನೆಯ, ನೇರ ಹಲಗೆ ಕೊಡೋ ಮರ ಅಂದ್ರೆ ಇದೊಂದೇ. ಅಂದ್ರೆ ಆ ಮರ ಎಲ್ಲಿದೆ, ಯಾವ ಕಣಿವೆಯಲ್ಲಿ ಎಷ್ಟಿವೆ, ಯಾವುದು ಒಣಗಿದೆ, ಎಲ್ಲ ಗೊತ್ತಿದ್ದ ಒಂದು ಇಡೀ ಸಮಾಜ ಅದರ ಬಾಗಿಲು ತೆರೆದು ಹಾಕಿ ಮಾಡ್ಕೊಂಡು ಬದುಕಿತ್ತು. ಆದರೂ ವಿಜ್ಞಾನದ ಪುಸ್ತಕದಲ್ಲಿ ಅದಕ್ಕೊಂದು ಹೆಸರು 1926ರವರೆಗೆ ಇರಲಿಲ್ಲ!

ಹೆಸರಿನ ವಿಷಯಕ್ಕೆ ನಾನು ತಲೆ ಕೆಡಿಸಿಕೊಳ್ಳಲ್ಲ ಅಂದ್ಕೊಂಡಿದ್ದೆ. ಜಗತ್ತಿನ ಅರ್ಧ ಗಿಡಗಳಿಗೆ ಹೀಗೇ ಯಾರದೋ ಹೆಸರಿದೆ. ನಾವೂ ದಿನಾ ಯಾರೋ ಬರೆದ ಲೈಬ್ರರಿ ಎಳ್ಕೊಂಡು ನಮ್ಮ ಹೆಸರಲ್ಲಿ ಕಮಿಟ್ ಮಾಡ್ತೀವಿ. ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ. ಹೆಸರು ಕೊಟ್ಟ ಅದೇ ಕೈ ಆರೋಪಪಟ್ಟಿಯನ್ನೂ ಬರೆಯಿತು.

ಆ ಅರಣ್ಯಾಧಿಕಾರಿ ಲಾವೋದಾನ್ 1927ರಲ್ಲಿ ಸಹಾರಾದ ಕಾಡುಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದ. ಇಂದು ವಿಶ್ವಸಂಸ್ಥೆಯ ದಾಖಲೆಗಳಲ್ಲೆಲ್ಲ ಬರುವ 'ಮರುಭೂಮೀಕರಣ' ಅನ್ನೋ ಪದವನ್ನ ವಿಜ್ಞಾನದ ಬರಹದಲ್ಲಿ ಮೊದಲು ಬಳಸಿದವರು ಯಾರು ಅಂತ ಹುಡುಕಿದರೆ ಈ ಲೇಖನದ ಕಡೆಗೇ ಬೆರಳು ತೋರಿಸ್ತಾರೆ. ಅವನ ವಾದದ ಸಾರ ಇಷ್ಟೇ: ಸಹಾರಾ ತಾನಾಗಿ ಮರುಭೂಮಿ ಆಗಿದ್ದಲ್ಲ, ಮನುಷ್ಯ ಮಾಡಿದ್ದು. ಮನುಷ್ಯ ಅಂದ್ರೆ ಯಾರು? ಅಲೆಮಾರಿ. ಅವನ ಮೇಕೆ, ಅವನ ಕೊಡಲಿ, ಅವನ ಒಲೆ.

ಇದು ಅವನೊಬ್ಬನ ಮಾತೂ ಆಗಿರಲಿಲ್ಲ. ಉತ್ತರ ಆಫ್ರಿಕಾ ಹಿಂದೆ ರೋಮನ್ನರ ಕಣಜವಾಗಿತ್ತು, ಅರಬ್ಬರು ಮತ್ತು ಅಲೆಮಾರಿಗಳು ಬಂದು ಹಾಳು ಮಾಡಿದರು, ಈಗ ಫ್ರಾನ್ಸ್ ಬಂದು ಸರಿ ಮಾಡುತ್ತೆ ಅನ್ನೋ ಕಥೆ ಅಲ್ಜೀರಿಯಾದಲ್ಲಿ ವಸಾಹತು ಆಡಳಿತದ ಆರಂಭದಿಂದಲೂ ಚಾಲ್ತಿಯಲ್ಲಿತ್ತು. ಆ ಕಥೆಯ ಆಧಾರದ ಮೇಲೆ ಕಾನೂನುಗಳಾದವು. 1874ರ ಕಾನೂನಿನಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಇಡೀ ಬುಡಕಟ್ಟಿಗೇ ಸಾಮೂಹಿಕ ದಂಡ ಹಾಕುವ ಅವಕಾಶ ಇತ್ತು. ಮೇಯಿಸೋದು ತಪ್ಪು, ಸೌದೆ ಕಡಿಯೋದು ತಪ್ಪು. ನೆಲ ಮಾತ್ರ ಕೈ ಬದಲಾಯಿಸ್ತಾ ಹೋಯಿತು.

ಇಲ್ಲಿ ನನಗೆ ನಮ್ಮಜ್ಜಿ ನೆನಪಾಗಿದ್ದು.

1990ರ ದಶಕ. ನಮ್ಮನೆಗೆ ಗ್ಯಾಸ್ ಬಂದಿರಲಿಲ್ಲ. ಅಜ್ಜಿ ವಾರಕ್ಕೆರಡು ಸಲ ಊರಾಚೆಯ ಗುಡ್ಡದ ಕಡೆ ಹೋಗಿ ಸೌದೆ ತರೋರು. ತಲೆ ಮೇಲೆ ಸಿಂಬಿ, ಅದರ ಮೇಲೆ ಹೊರೆ. ಒಮ್ಮೆ ನಾನೂ ಜೊತೆಗಿದ್ದೆ, ನಾಲ್ಕನೇ ಕ್ಲಾಸು. ಗಾರ್ಡು ಎದುರು ಬಂದ. ಹೊರೆ ಇಳಿಸಿದ, ಕುಡುಗೋಲು ಕಿತ್ಕೊಂಡ. "ನಿಮ್ಮಂಥೋರಿಂದಾನೇ ಕಾಡು ಹಾಳಾಗ್ತಿರೋದು" ಅಂದ. ಹೊರೆಯಲ್ಲಿ ಇದ್ದದ್ದು ಒಣಗಿ ಬಿದ್ದ ಪುಳ್ಳೆ. ಅದೇ ಗುಡ್ಡದ ಹಿಂಬದಿಯಿಂದ ರಾತ್ರಿ ಲಾರಿಯಲ್ಲಿ ದಿಮ್ಮಿ ಹೋಗೋದು ಊರಿಗೆಲ್ಲ ಗೊತ್ತಿತ್ತು. ಅಜ್ಜಿ ಏನೂ ಅನ್ನಲಿಲ್ಲ. ದಾರಿಯುದ್ದಕ್ಕೂ ಕುಡುಗೋಲಿನ ಬೆಲೆ ಲೆಕ್ಕ ಹಾಕ್ತಾ ಬಂದರು. ಭಾರತದ ಅರಣ್ಯ ಕಾಯಿದೆ ಬಂದಿದ್ದೂ 1927ರಲ್ಲೇ. ಲಾವೋದಾನನ ಲೇಖನದ ವರ್ಷ. ಕಾಕತಾಳೀಯ, ಬಿಡಿ. ಆದರೆ ಎರಡೂ ಕಡೆ ಒಲೆಯ ಮುಂದೆ ಕೂತವರು ಒಂದೇ ಥರದ ಜನ.

ಹಾಗಂತ ತುವಾರೆಗರು ಒಂದು ಮರಾನೂ ಕಡಿದಿಲ್ಲ ಅಂತ ನಾನು ವಕಾಲತ್ತು ವಹಿಸಲ್ಲ. ಕಡಿದಿದ್ದಾರೆ. ಬಾಗಿಲುಗಳೇ ಸಾಕ್ಷಿ. ಬದುಕಿರುವ ಮರಗಳಲ್ಲೂ ಕೊಡಲಿ ಗುರುತುಗಳಿವೆ, ಸತ್ತ ಬೊಡ್ಡೆಗಳಿವೆ. ಮೇಕೆಗಳು ಸಸಿ ತಿಂದಿವೆ. ಆದರೆ ಐದು ಸಾವಿರ ವರ್ಷದ ಹಿಂದೆ ಮುಂಗಾರು ಹಿಂದೆ ಸರಿದಿದ್ದಕ್ಕೆ ಮೇಕೆ ಕಾರಣ ಅಲ್ಲ. ಮಣ್ಣಿನಲ್ಲಿ ತೇವ ಇಲ್ಲದೆ ಬೀಜ ಮೊಳೆಯದಿದ್ದರೆ ಅದಕ್ಕೆ ಕೊಡಲಿ ಕಾರಣ ಅಲ್ಲ. ಮತ್ತೆ, ಬೇಕು ಅನ್ನೋ ಮರವನ್ನ ಕಡಿಯೋನಿಗೆ ಅದು ನಾಳೆಗೂ ಬೇಕು. ತೊಲೆಗಾಗಿ ಮರ ನಂಬಿದವನು ಸಾವಿರಾರು ವರ್ಷ ಅದರ ಜೊತೆ ಇದ್ದೂ 233 ಉಳಿದಿವೆ ಅಂದ್ರೆ, ಅವನು ಬರೀ ಕಡಿಯೋನೇ ಆಗಿದ್ದರೆ ಒಂದಾದರೂ ಉಳೀತಿತ್ತಾ?

ಹೊರಗಿನಿಂದ ಬಂದವರ ಖಾತೆ ಯಾರೂ ತೆಗೆಯಲ್ಲ. 1956ರಲ್ಲಿ ಆನ್ರಿ ಲೋತ್ ಅನ್ನೋ ಫ್ರೆಂಚ್ ಸಂಶೋಧಕ ಚಿತ್ರಕಾರರ ತಂಡ ಕಟ್ಟಿಕೊಂಡು ತಸ್ಸಿಲಿ ಹತ್ತಿದ. ಮೊದಲ ಬಿಡಾರ ಇದೇ ತಮ್ರಿತ್‌ನಲ್ಲಿ, ಸೈಪ್ರೆಸ್ ಮರಗಳ ಹತ್ತಿರ. ಬಂಡೆಚಿತ್ರಗಳನ್ನ ನಕಲು ಮಾಡಿ ಪ್ಯಾರಿಸ್ಸಿಗೆ ಕೊಂಡೊಯ್ದ. ಪ್ರದರ್ಶನ ಭಾರಿ ಹೆಸರು ಮಾಡಿತು, ತಸ್ಸಿಲಿ ಜಗತ್ತಿಗೆ ಗೊತ್ತಾಗಿದ್ದೇ ಹಾಗೆ. ಅದರಲ್ಲಿ ಅವನ ಪಾಲು ದೊಡ್ಡದು, ಇಲ್ಲ ಅನ್ನಲ್ಲ. ಆದರೆ ಬಣ್ಣ ಎದ್ದು ಕಾಣಲಿ ಅಂತ ಅವನ ತಂಡ ಚಿತ್ರಗಳ ಮೇಲೆ ನೀರು ಒರೆಸಿತು. ಸಾವಿರಾರು ವರ್ಷ ಒಣಗಿ ನಿಂತಿದ್ದ ಬಣ್ಣ ಅದರಿಂದ ಮಸುಕಾಯಿತು. ಈ ಕಾರಣಕ್ಕೆ ಇವತ್ತಿಗೂ ಅವನ ಮೇಲೆ ಟೀಕೆ ಇದೆ. ಆಮೇಲೆ ಪ್ರವಾಸಿಗಳು ಬಂದರು. ಚಳಿಗಾಲದ ರಾತ್ರಿ ಅಲ್ಲಿ ನೀರು ಹೆಪ್ಪುಗಟ್ಟುತ್ತೆ. ಕ್ಯಾಂಪ್‌ಫೈರ್ ಬೇಕೇ ಬೇಕು. ಎಣ್ಣೆಯಂಶ ಇರೋ ಸೈಪ್ರೆಸ್ ಕಟ್ಟಿಗೆ ಚೆನ್ನಾಗಿ ಉರಿಯುತ್ತೆ.

ಸಹಾರಾದ ಇನ್ನೊಂದು ಮರದ ಕಥೆ ನೀವು ಕೇಳಿರಬಹುದು, ನೈಜರ್‌ನ ತೆನೆರೆಯ ಒಂಟಿ ಮರ. ನಮ್ಮ ಜಾಲಿಯ ನೆಂಟ. ಸುತ್ತ ನೂರಾರು ಕಿಲೋಮೀಟರ್ ಇನ್ನೊಂದು ಮರ ಇರಲಿಲ್ಲ. 1930ರ ದಶಕದ ಕೊನೆಯಲ್ಲಿ ಅದರ ಪಕ್ಕ ಬಾವಿ ತೋಡಿದಾಗ ಮೂವತ್ತು ಮೀಟರಿಗಿಂತ ಆಳದಲ್ಲಿ ಅದರ ಬೇರು ನೀರು ಮುಟ್ಟಿದ್ದು ಕಂಡಿತು. ಒಂಟೆ ಸಾಲಿನವರು ತಲೆಮಾರುಗಳ ಕಾಲ ಅದರ ಒಂದು ಕೊಂಬೆ ಮುರಿಯದೆ, ಒಂಟೆಗೆ ಮೇಯಿಸದೆ ಕಾಪಾಡಿಕೊಂಡು ಬಂದಿದ್ದರು. 1973ರಲ್ಲಿ ಒಬ್ಬ ಲಾರಿ ಡ್ರೈವರ್ ಗುದ್ದಿ ಬೀಳಿಸಿದ, ಕುಡಿದಿದ್ದ ಅಂತ ಹೇಳ್ತಾರೆ. ಅಷ್ಟು ದೊಡ್ಡ ಬಯಲಿನಲ್ಲಿ! ಈಗ ಆ ಮರದ ಒಣ ಕಾಂಡ ರಾಜಧಾನಿ ನಿಯಾಮೆಯ ಮ್ಯೂಸಿಯಮ್ಮಿನಲ್ಲಿದೆ, ಅದು ನಿಂತಿದ್ದ ಜಾಗದಲ್ಲಿ ಲೋಹದ ಕಂಬದ ಮರ. ನಾನು ಈ ಕಥೆ ಮೊದಲು ಓದಿದಾಗ ನಕ್ಕಿದ್ದೆ. ಅಲೆಮಾರಿಯ ಒಲೆ ಬಗ್ಗೆ ಓದಿದ ಮೇಲೆ ನಗು ಬರಲಿಲ್ಲ.

1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. ಹತ್ತೇ ವರ್ಷಕ್ಕೆ, 1972ರಲ್ಲಿ, ತಸ್ಸಿಲಿ ರಾಷ್ಟ್ರೀಯ ಉದ್ಯಾನ ಘೋಷಣೆ ಆಯಿತು. 1982ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 1986ರಲ್ಲಿ ಜೀವಗೋಳ ಮೀಸಲು ಪ್ರದೇಶ ಆಯಿತು. ವಿಶ್ವ ಪರಂಪರೆಯ ಪಟ್ಟಿಯಲ್ಲಿ ಅದರ ವಿಸ್ತೀರ್ಣ 72,000 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕ 1,91,791. ಅಂದ್ರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡ ಮೀಸಲು, ಅದರಲ್ಲಿ ಒಂದು ಅಂಚಿನ ಕೆಲವು ಕಣಿವೆಗಳಲ್ಲಿ ಚದುರಿದ ಇನ್ನೂರ ಚಿಲ್ಲರೆ ಮರ. ಅಷ್ಟು ದೊಡ್ಡ ಸೀಮೆಯಲ್ಲಿ ಒಂದು ಮದುವೆ ಮನೆಗೆ ಬಂದಷ್ಟು ಮರ ಹುಡುಕಿ ಕಾಯಿ ಅಂದ ಹಾಗೆ.

ಉದ್ಯಾನ ಆಗಿದ್ದರಿಂದ ಒಂದು ನಿಜವಾದ ಲಾಭ ಆಯಿತು. ಎಣಿಕೆ ಶುರುವಾಯಿತು. 1970ರ ದಶಕದ ಆರಂಭದಿಂದ ಅಲ್ಜೀರಿಯಾದವರೇ ಕಣಿವೆ ಕಣಿವೆ ನಡೆದು ಒಂದೊಂದು ಮರವನ್ನ ನಕ್ಷೆಯಲ್ಲಿ ಗುರುತು ಮಾಡಿದರು. ಮೂವತ್ತು ವರ್ಷದ ಮೇಲೆ ಮತ್ತೆ ಹೋಗಿ ನೋಡಿದಾಗ ಹಳೆಯ ಪಟ್ಟಿಯಲ್ಲಿ ಬದುಕಿದ್ದ ಕೆಲವು ಸತ್ತಿದ್ದವು. ಆಗಿನ ಲೆಕ್ಕವೇ ಈ 233. ಫಾತಿಹಾ ಅಬ್ದೂನ್ ಮತ್ತು ಬೆದ್ದಿಯಾಫ್ ಅನ್ನೋ ಇಬ್ಬರು 2002ರಲ್ಲಿ ಪ್ರಕಟಿಸಿದ್ದು. ಆ ಪಟ್ಟಿಗಳ ಬಗ್ಗೆ ನನಗೆ ಯಾಕೋ ವಿಶೇಷ ಗೌರವ. ಎಣಿಸೋರ ಜೊತೆ ದಾರಿ ತೋರಿಸಿಕೊಂಡು, ಕತ್ತೆ ಹೊಡ್ಕೊಂಡು ಹೋಗೋರು ಆ ನೆಲದವರೇ. ಬಂಡೆಯ ಮೇಲೆ ಹಸುವಿನ ಮಚ್ಚೆಯನ್ನ ನೆನಪಿಟ್ಟು ಬಿಡಿಸಿದವನ ಕೆಲಸಕ್ಕೂ, 'ಈ ಕಣಿವೆಯಲ್ಲಿ ಮೂರನೆಯದು, ಉತ್ತರದ ಕೊಂಬೆ ಒಣಗಿದೆ' ಅಂತ ಬರೆಯೋದಕ್ಕೂ ತುಂಬ ದೂರ ಇಲ್ಲ.

ಆದರೆ ಎಷ್ಟೇ ದೊಡ್ಡ ಮೀಸಲು ಘೋಷಿಸಿದರೂ ಕಾನೂನಿನಿಂದ ಒಂದು ಬೀಜ ಮೊಳೆಯಿಸೋಕೆ ಆಗಲ್ಲ. ಈ ಮರದ ಬೀಜಗಳಲ್ಲಿ ಬಹುಪಾಲು ಜೊಳ್ಳು. ಮೊಳೆತರೂ ಬೇರು ತೇವ ಮುಟ್ಟೋ ಮೊದಲೇ ಒಣಗುತ್ತೆ. ಎಳೆಯ ಮರಗಳು ಅಂತ ಇರೋದು ಬೆರಳೆಣಿಕೆಯಷ್ಟು. ಬೀಜ ಯಾಕೆ ಜೊಳ್ಳು ಅಂತ ಹುಡುಕಲು ಹೋದಾಗ ಸಿಕ್ಕಿದ್ದು ಮಾತ್ರ ನಾನು ಈವರೆಗೆ ಓದಿದ ವಿಜ್ಞಾನದಲ್ಲೇ ಅತಿ ವಿಚಿತ್ರವಾದ ಸಂಗತಿ.

ಮಾಮೂಲಿ ಕಥೆ ನಿಮಗೆ ಗೊತ್ತು: ಪರಾಗದಲ್ಲಿ ಅಪ್ಪನ ಅರ್ಧ ವರ್ಣತಂತು, ಅಂಡದಲ್ಲಿ ಅಮ್ಮನ ಅರ್ಧ, ಎರಡೂ ಸೇರಿದರೆ ಮಗು. ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಕ್ರಿಸ್ಟಿಯಾನ್ ಪಿಶೋ, ಮೊಹಮ್ಮದ್ ಎಲ್ ಮಾತಾವಿ ಮೊದಲಾದವರು ನೋಡಿದಾಗ ತಾರೂತ್‌ನ ಪರಾಗದಲ್ಲಿ ಅರ್ಧ ಇರಲಿಲ್ಲ, ಪೂರ್ತಿ ಸೆಟ್ ಇತ್ತು. ಅವರು ಅದನ್ನ ಬೇರೆ ಜಾತಿಯ, ಮೆಡಿಟರೇನಿಯನ್ ಸೈಪ್ರೆಸ್ ಮರದ ಹೆಣ್ಣು ಕಾಯಿಗೆ ಹಾಕಿದರು. ಬಂದ ಬೀಜಗಳಿಂದ ಎದ್ದ ಸಸಿಗಳಲ್ಲಿ ಮಿಶ್ರತಳಿ ಇರಬೇಕಿತ್ತಲ್ವಾ? ಬದಲಿಗೆ ಪೂರಾ ತಾರೂತ್ ಸಸಿಗಳು ಸಿಕ್ಕಿದವು. ಹೊತ್ತ ತಾಯಿಯ ಒಂದು ಎಳೆಯೂ ಅವುಗಳಲ್ಲಿ ಇಲ್ಲ. ಪರಾಗದ ಕಣವೇ ಭ್ರೂಣವಾಗಿ ಬೆಳೆದಿತ್ತು. ತಾಯಿ ಮರ ಕೊಟ್ಟಿದ್ದು ಬೀಜದ ಮನೆ, ಅದರೊಳಗಿನ ಊಟ, ಅಷ್ಟೇ. 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಬಂತು. ಬಾಡಿಗೆ ತಾಯಿ ಅನ್ನೋ ಪದವನ್ನೇ ಅವರು ಶೀರ್ಷಿಕೆಯಲ್ಲಿ ಬಳಸಿದ್ದರು.

ಮರುದಿನ ಸ್ಟ್ಯಾಂಡಪ್ ಮೀಟಿಂಗ್ ಮುಗಿದ ಮೇಲೆ ಟೀಮಿನ ಹುಡುಗರಿಗೆ ಇದನ್ನ ಹೇಳಿದೆ. "ಅಂದ್ರೆ ಬೇರೆಯವರ ಸರ್ವರಿನಲ್ಲಿ ತನ್ನ ಕಂಟೈನರ್ ಓಡಿಸೋ ಥರ" ಅಂದ ಒಬ್ಬ. ಪರವಾಗಿಲ್ಲ, ಹತ್ತಿರ ಬಂದ. ಅಪಾಯದ ಅಂಚಿನಲ್ಲಿರೋ ಜಾತಿಗೆ ಇದೊಂದು ದೊಡ್ಡ ದಾರಿ: ಸಾಮಾನ್ಯ ಸೈಪ್ರೆಸ್ ಮರಗಳನ್ನೇ ತಾಯಿ ಮಾಡಿಕೊಂಡು ತಾರೂತ್ ಸಸಿ ಬೆಳೆಸಬಹುದು. ದಕ್ಷಿಣ ಯುರೋಪಿನ ತೋಟಗಳಲ್ಲಿ ಈ ಮರ ಈಗ ಆರಾಮಾಗಿ ಬೆಳೆಯುತ್ತಿದೆ. ಆದರೆ ನಮ್ಮ ವೃತ್ತಿಯವರಿಗೆ ಇದರ ತೊಂದರೆಯೂ ಬೇಗ ಹೊಳೆಯಬೇಕು. ನಕಲು ಅಂದ್ರೆ ಬ್ಯಾಕಪ್. ನೂರು ಬ್ಯಾಕಪ್ ಇಟ್ಟರೂ ಅದು ಅದೇ ಹಳೆಯ ವರ್ಷನ್. ಅಪ್ಪ ಅಮ್ಮ ಬೆರೆತು ಹೊಸದು ಹುಟ್ಟಲ್ಲ, ಒಂದಕ್ಕೆ ಹತ್ತಿದ ರೋಗ ಎಲ್ಲಕ್ಕೂ ಹತ್ತಬಹುದು. ಫ್ರಾನ್ಸಿನ ತೋಟದಲ್ಲಿ ಹನಿ ನೀರು ಕುಡಿದು ಬೆಳೆದ ತಾರೂತ್‌ಗೆ 30 ಮಿಲಿಮೀಟರ್ ಮಳೆಯ ನೆನಪು ಎಷ್ಟು ದಿನ ಇರುತ್ತೆ ಅನ್ನೋದು ಇನ್ನೊಂದು ಮಾತು.

ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ಆ ಅಲ್ಜೀರಿಯಾದ ಗೆಳೆಯನನ್ನ ಕೇಳಿದೆ, "ನೀನು ಆ ಮರ ನೋಡಿದ್ದೀಯಾ?" ಇಲ್ಲ ಅಂದ. ಅವನು ಉತ್ತರದ ಸಮುದ್ರ ತೀರದವನು, ಜಾನೆತ್ ಅವನ ಮನೆಯಿಂದ ನಮಗೆ ದಿಲ್ಲಿ ಇದ್ದಷ್ಟು ದೂರ. ಫೋಟೋ ಅವನ ಅಣ್ಣ ತೆಗೆದಿದ್ದು. ತಾರೂತ್ ಅನ್ನೋ ಹೆಸರೂ ಅಣ್ಣನಿಗೆ ಅಲ್ಲಿನ ಗೈಡ್ ಹೇಳಿದ್ದು. ಸ್ಕೂಲಿನ ಪುಸ್ತಕದಲ್ಲಿ ಕ್ಯಾಪ್ಟನ್ ಹೆಸರೇ ಇತ್ತು.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಗುಡ್ಡದ ಕಡೆ ಈಗ ಬಳ್ಳಾರಿ ಜಾಲಿ ತುಂಬಿಕೊಂಡಿದೆ, ಹೊರಗಿನಿಂದ ತಂದು ಬಿತ್ತಿದ್ದು, ಬೇಡ ಅಂದರೂ ಹೋಗಲ್ಲ. ಅದರ ನಡುವೆ ಒಂದು ಎತ್ತರದ ಮರ. ಜೋಡಿ ಎಲೆ, ಜೋತುಬಿದ್ದ ಕೊಂಬೆ. ಚಿಕ್ಕಂದಿನಿಂದ ನೋಡಿದ್ದೇ, ಹೆಸರು ಮರೆತಿದ್ದೆ. ಮೊಬೈಲಿನ ಆ್ಯಪ್‌ನಲ್ಲಿ ಫೋಟೋ ಹಾಕಿದೆ. ಹಾರ್ಡ್‌ವಿಕಿಯಾ ಬೈನಾಟಾ ಅಂತ ಬಂತು. ಯಾರೀ ಹಾರ್ಡ್‌ವಿಕ್ ಅಂತ ಅಲ್ಲೇ ನಿಂತು ನೋಡಿದೆ. ಥಾಮಸ್ ಹಾರ್ಡ್‌ವಿಕ್, ಈಸ್ಟ್ ಇಂಡಿಯಾ ಕಂಪನಿಯ ಫಿರಂಗಿ ದಳದ ಅಧಿಕಾರಿ, ಕೊನೆಗೆ ಮೇಜರ್ ಜನರಲ್. ಟಿಪ್ಪುವಿನ ವಿರುದ್ಧದ ಯುದ್ಧದಲ್ಲೂ ಇದ್ದವನು. ಅವನ ಹೆಸರನ್ನ ಮರಕ್ಕಿಟ್ಟಿದ್ದು ವಿಲಿಯಂ ರಾಕ್ಸ್‌ಬರ್ಗ್.

ಮನೆಗೆ ಬಂದು ಅಜ್ಜಿಗೆ ಫೋಟೋ ತೋರಿಸಿದೆ. ಅಜ್ಜಿಗೀಗ ಕಣ್ಣು ಮಂಜು. ಮೊಬೈಲನ್ನ ಕೈಯಲ್ಲಿ ಹಿಡಿದು ಹತ್ತಿರ ದೂರ ಮಾಡಿ ನೋಡಿದರು.

"ಕಮರ ಅಲ್ವೇನೋ ಇದು. ಗುಡ್ಡದ ತಾವ ಇರೋದು. ಅದಿನ್ನೂ ಐತಾ?"

"ಐತೆ ಅಜ್ಜಿ."

"ಅದುಕ್ಕೆ ಕೊಡಲಿ ಹಾಕಿದ್ರೆ ಕೊಡಲಿನೇ ಮುಕ್ಕಾಗ್ತಿತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ತಾತ ಅದರದ್ದೇ ಒಂದು ನೊಗ ಮಾಡ್ಸಿದ್ರು. ಅಟ್ಟದ ಮ್ಯಾಲೆ ಇರಬೇಕು ನೋಡು."